ಗುಲಾಬಿಯ ಟಿವಿ, ನಮ್ಮ ಟಿವಿ

ಟಾಕೀಸಿಗೆ ಹೋಗುವ ರೂಢಿ ನಮ್ಮ ಮನೆಯಲ್ಲಿಲ್ಲ. ಸಿನಿಮಾ ಹುಚ್ಚು ಮಾತ್ರ ಎಲ್ಲರಿಗೂ ಇದೆ. ರಾತ್ರಿ ಊಟವಾಗಿ ಚಾಪೆ ಹಾಸಿ ಕೂತರೆ ನಾವೇ ಪ್ರೇಕ್ಷಕರು, ನಾವೇ ವಿಮರ್ಶಕರು. ಹೊಡೆದಾಟದ ಚಿತ್ರಗಳನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ. ಟೋಪಿ, ಗಡ್ಡ ಕಂಡೊಡನೆ 'ಇವನೇ ವಿಲನ್' ಎಂದು ಮಕ್ಕಳು ಹೇಳಿಬಿಡುತ್ತಾರೆ. ನಾವು ನಗುತ್ತೇವೆ, ಎಷ್ಟೋ ಸಲ ಅದೇ ನಿಜವಾದಾಗ ಸಂಕಟವಾಗುತ್ತದೆ.

ಕಳೆದ ವಾರ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ನೋಡಿದೆವು. ವೈದೇಹಿಯವರ ಕಥೆಯನ್ನು ಆಧರಿಸಿದ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ಊರು. ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಅವಳ ಮನೆಗೆ ಬಣ್ಣದ ಟಿವಿ ಬಂದದ್ದೇ ತಡ, ಊರ ಹೆಂಗಸರು ಹಿಂಜರಿಕೆ ಬಿಟ್ಟು ಒಬ್ಬೊಬ್ಬರಾಗಿ ಬರುತ್ತಾರೆ. ಊರಿನಲ್ಲಿ ದ್ವೇಷ ಹಬ್ಬಿದಾಗ ಗುಲಾಬಿಯೇ ಊರು ಬಿಡಬೇಕಾಗುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಸುಮ್ಮನೆ ಬಂದದ್ದಲ್ಲ.

ಚಿತ್ರ ಮುಗಿದ ಮೇಲೆ ಉಮ್ಮ ಕೇಳಿದರು: "1987ರಲ್ಲಿ ರಾಮಾಯಣ ನೋಡಲು ಪಕ್ಕದ ಮನೆಯವರೆಲ್ಲ ನಮ್ಮಲ್ಲಿಗೇ ಬರುತ್ತಿದ್ದರು. ಈಗೇಕೆ ಬರುವುದಿಲ್ಲ?"

"ಅವರ ಮನೆಗೂ ಟಿವಿ ಬಂತಲ್ಲಾ ಉಮ್ಮ" ಎಂದೆವು.

ಉತ್ತರ ಸುಳ್ಳಲ್ಲ. ಆದರೆ ಅಷ್ಟೇ ಕಾರಣವೆಂದು ನಮಗೇ ಅನಿಸಲಿಲ್ಲ. ಮುಂದಿನ ಚಿತ್ರಕ್ಕೆ ಅವರನ್ನೂ ಕರೆಯುವುದೆಂದು ತೀರ್ಮಾನಿಸಿದ್ದೇವೆ. ಚಾಪೆ ದೊಡ್ಡದೇ ಇದೆ.