ಹೈದರಾಬಾದಿನಲ್ಲಿ ಸೊಪ್ಪಿನ ಸಂಚಾರ

ಹೈದರಾಬಾದಿಗೆ ಬಂದವರೆಲ್ಲ ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಗಳನ್ನು ನೋಡುತ್ತಾರೆ. ನಾವೂ ನೋಡಿದ್ದುಂಟು. ಆದರೆ ಈ ಊರನ್ನು ನಮಗೆ ನಿಜವಾಗಿ ಪರಿಚಯ ಮಾಡಿಕೊಟ್ಟವು ನಮ್ಮ ಹಿತ್ತಿಲಿನ ಆರು ಕೋಳಿಗಳು.

ನಾಗೋಲಿನ ಕಡೆ ನಮ್ಮ ಮನೆ, ಹಿತ್ತಿಲು ಚಿಕ್ಕದು. ಹಕ್ಕಿಗಳು ‘ವನರಾಜ’ ತಳಿಯವು. ಇಲ್ಲಿಯ ರಾಜೇಂದ್ರನಗರದ ಕೋಳಿ ಸಂಶೋಧನ ನಿರ್ದೇಶನಾಲಯದವರು ಹಿತ್ತಿಲ ಸಾಕಣೆಗೆಂದೇ ರೂಪಿಸಿದ ತಳಿ ಅದು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ‘ಗಿರಿರಾಜ’ನಿಗೆ ದಾಯಾದಿ ಎನ್ನಬಹುದು. ಎರಡೇ ತಿಂಗಳಲ್ಲಿ ಆ ಆರೂ ಸೇರಿ ನೆಲದ ಹಸಿರನ್ನೆಲ್ಲ ಕೆದಕಿ ಮುಗಿಸಿದವು. ಬಳಿಕ ಉಳಿದದ್ದು ಅಕ್ಕಿನುಚ್ಚು ಮತ್ತು ತೌಡು. ಮೊಟ್ಟೆಯೇನೋ ಬರುತ್ತಿತ್ತು, ಒಡೆದರೆ ಹಳದಿ ಬಿಳಿಚಿಕೊಂಡಿರುತ್ತಿತ್ತು. ಹಳದಿಗೆ ಬಣ್ಣ ಬರುವುದು ಸೊಪ್ಪು, ಮುಸುಕಿನ ಜೋಳಗಳಂಥ ಮೇವಿನಿಂದ. ದಿನವೂ ದುಡ್ಡು ಕೊಟ್ಟು ಸೊಪ್ಪು ತಂದರೆ ಮೊಟ್ಟೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಆದ್ದರಿಂದ ಚೀಲ ಹಿಡಿದು ಹೊರಟೆವು.

ಮೊದಲು ಹೋದದ್ದು ಸರೂರ್‌ನಗರದ ರೈತು ಬಜಾರಿಗೆ. ಬೆಳೆದವರು ಕೊಳ್ಳುವವರಿಗೆ ನೇರವಾಗಿ ಮಾರಲಿ ಎಂದು ಅಂದಿನ ಆಂಧ್ರಪ್ರದೇಶ ಸರಕಾರ 1999ರಲ್ಲಿ ಆರಂಭಿಸಿದ ಸಂತೆಗಳ ಏರ್ಪಾಡು ಇದು. ಸಂಜೆಯ ಹೊತ್ತಿಗೆ ಹೂಕೋಸಿನ ಹೊರಎಲೆ, ಮೂಲಂಗಿಯ ಸೊಪ್ಪು, ಎಲೆಕೋಸಿನ ಸಿಪ್ಪೆ ಕಟ್ಟೆಗಳ ಬುಡದಲ್ಲಿ ರಾಶಿ ಬಿದ್ದಿದ್ದವು. ಬಗ್ಗಿ ಆರಿಸಲು ನಮಗೆ ನಾಚಿಕೆ. ಸೊಪ್ಪು ಮಾರುವ ಅಜ್ಜಿಯೊಬ್ಬರು ನಮ್ಮನ್ನೂ ಚೀಲವನ್ನೂ ನೋಡಿ, “ಕೋಳ್ಳಕಾ?” ಎಂದರು. ಕೋಳಿಗಳಿಗೇ ಎಂದೆವು. ಅಲ್ಲಿಗೆ ನಾಚಿಕೆ ಹೋಯಿತು, ಪಾಠ ಮೊದಲಾಯಿತು. ಅವರ ತೋಟಕೂರ ನಮ್ಮ ದಂಟು. ಗಂಗವಾಯಿಲಿ ನಮ್ಮ ಗೋಣಿಸೊಪ್ಪು. ಪೊನ್ನಗಂಟಿ ನಮ್ಮ ಹೊನಗೊನ್ನೆ. ಮುನಗ ನಮ್ಮ ನುಗ್ಗೆ. ಗಂಡನ ಮನೆಯಲ್ಲಿ ಹೆಸರು ಬದಲಾದ ಹೆಣ್ಣುಮಕ್ಕಳಂತೆ, ಗುರುತು ಸಿಕ್ಕಿದರೆ ಎಲ್ಲರೂ ನಮ್ಮವರೇ! “ಹೂಕೋಸಿಗೆ ಔಷಧಿ ಹೊಡೆದಿರುತ್ತಾರೆ, ಚೆನ್ನಾಗಿ ತೊಳೆದು ಹಾಕಿ” ಎಂದೂ ಅಜ್ಜಿ ಎಚ್ಚರಿಸಿದರು.

ಸಿಕ್ಕಿತೆಂದರೆ ಆಸೆ ಬೆಳೆಯುತ್ತದೆ. ಒಂದು ಬೆಳಿಗ್ಗೆ ನಾಗೋಲಿನಲ್ಲಿ ಮೆಟ್ರೊ ಹತ್ತಿ, ಪ್ಯಾರಡೈಸಿನಲ್ಲಿ ಇಳಿದು, ಆಟೋ ಹಿಡಿದು ಬೋಯಿನಪಲ್ಲಿಯ ಸಗಟು ತರಕಾರಿ ಮಾರುಕಟ್ಟೆಗೆ ಹೋದೆವು. ಅಲ್ಲಿಯ ಕಸಕ್ಕೂ ಬೆಲೆಯುಂಟು. ದಿನಕ್ಕೆ ಸುಮಾರು 10 ಟನ್ ತರಕಾರಿ ತ್ಯಾಜ್ಯದಿಂದ ಅನಿಲ ತೆಗೆದು 500 ಯೂನಿಟ್ಟಿನಷ್ಟು ವಿದ್ಯುತ್ತು ಮಾಡುವ ಅಲ್ಲಿಯ ಕೆಲಸವನ್ನು 2021ರ ಜನವರಿಯಲ್ಲಿ ಪ್ರಧಾನಿಗಳೇ ಆಕಾಶವಾಣಿಯಲ್ಲಿ ಹೊಗಳಿದ್ದರು. ನಾವು ಎರಡು ಚೀಲ ತುಂಬಿಕೊಂಡು ಜಂಬದಿಂದ ಮರಳಿದೆವು. ಕೋಳಿಗಳು ತಿಂದದ್ದು ಕೆಲವು ಹಿಡಿ. ಉಳಿದದ್ದು ಮರುದಿನಕ್ಕೆ ಬಿಸಿಯೇರಿ ಕೊಳೆತು ಗೊಬ್ಬರದ ಗುಂಡಿ ಸೇರಿತು. ದಾರಿಖರ್ಚಿನಲ್ಲಿ ವಾರದ ಸೊಪ್ಪನ್ನೇ ಕೊಳ್ಳಬಹುದಿತ್ತು.

ದೂರದ್ದು ಬೇಡ, ಹತ್ತಿರ ಏನುಂಟೆಂದು ನೋಡಿದರೆ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮೂಸಿ ನದಿ. ಕಡುಬೇಸಿಗೆಯಲ್ಲೂ ಅದರ ದಡದಲ್ಲಿ ಪ್ಯಾರಾಹುಲ್ಲು ಹಚ್ಚಗಿರುತ್ತದೆ. ಎಮ್ಮೆ ಸಾಕುವವರಿಗೆ ಮಾರಲು ಬೆಳೆಯುತ್ತಾರೆ. ಕೊಯ್ಯುತ್ತಿದ್ದವರು ಒಂದು ಕಟ್ಟನ್ನು ಪುಕ್ಕಟೆಯಾಗಿ ಕೊಟ್ಟರು. ಇದ್ದ ಹಾಗೆಯೇ ಕೋಳಿಗಳ ಮುಂದೆ ಹಾಕಿದೆವು. ಮೂರನೆಯ ದಿನ ನಮ್ಮ ಕೆಂಪಿ ಮೂಲೆ ಹಿಡಿದು ಕುಳಿತಳು. ಕೊರಳ ಬುಡದ ಕಾಳುಚೀಲ ಕಲ್ಲಿನಂತೆ ಗಟ್ಟಿಯಾಗಿತ್ತು. ಉದ್ದನೆಯ ನಾರು ಒಳಗೆ ಸುತ್ತಿಕೊಂಡಿತ್ತು. ಎಣ್ಣೆ ಕುಡಿಸಿದೆವು, ಮೆಲ್ಲಗೆ ನೀವಿದೆವು, ಉಳಿಯಲಿಲ್ಲ. ತಪ್ಪು ನಮ್ಮದೇ. ಸಣ್ಣಗೆ ಹೆಚ್ಚಿ ಹಾಕಬೇಕಿತ್ತು.

ಸಂಗತಿಯನ್ನು ಅಜ್ಜಿಗೆ ತಿಳಿಸಿದೆವು. ಅವರು ಕೇಳಿದ್ದು ಒಂದೇ ಮಾತು: “ಯಾವ ನೀರಿನ ಹುಲ್ಲು?” ಮೂಸಿಯದೆಂದಾಗ ಸುಮ್ಮನಾದರು. ನಗರದ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತು ಹರಿಯುವ ನದಿ ಅದು. ಅಂಥ ನೀರಿನಲ್ಲಿರುವ ಭಾರಲೋಹಗಳು ಹುಲ್ಲಿಗೂ ಏರಬಲ್ಲವು. ಹುಲ್ಲು ಕೋಳಿಗೆ, ಕೋಳಿಯ ಮೊಟ್ಟೆ ನಮ್ಮ ಮಕ್ಕಳ ತಟ್ಟೆಗೆ. ಪುಕ್ಕಟೆ ಸೊಪ್ಪಿಗೆ ಬೆಲೆ ಕೇಳಬೇಕಾಗಿಲ್ಲ, ನಿಜ. ನೀರು ಕೇಳದೆ ಇರಬಾರದು. ಅಂದು ಉಳಿದ ಹುಲ್ಲನ್ನು ಎಸೆದೆವು.

ಈಗ ನಮ್ಮ ಸಂಚಾರ ಚಿಕ್ಕದಾಗಿದೆ. ಬೇಲಿಯುದ್ದಕ್ಕೂ ನುಗ್ಗೆಯ ಕೊಂಬೆ ನೆಟ್ಟಿದ್ದೇವೆ. ಸೊಂಟದೆತ್ತರಕ್ಕೆ ಸವರಿದಷ್ಟೂ ಚಿಗುರುತ್ತದೆ. ಒಣಗಿಸಿದ ನುಗ್ಗೆಸೊಪ್ಪಿನಲ್ಲಿ ಹೆಚ್ಚುಕಡಮೆ ಕಾಲುಭಾಗ ಸಸಾರಜನಕವೇ. ಅರೆನೆರಳಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯಲ್ಲಿ ಅಜೋಲಾ ಬೆಳೆಯುತ್ತದೆ. ಹೂಗಿಡಗಳ ಕಳೆ ಕಿತ್ತರೆ ಗೋಣಿಸೊಪ್ಪು ಸಿಗುತ್ತದೆ. ಬೀದಿಬದಿಯ ಕಾಂಗ್ರೆಸ್ ಹುಲ್ಲು, ಕಣಗಿಲೆ, ಉಮ್ಮತ್ತಿಗಳನ್ನು ಹತ್ತಿರ ಸೇರಿಸುವುದಿಲ್ಲ. ಹೇಗಿದ್ದರೂ ಸೊಪ್ಪು ಕೋಳಿಗೆ ಪಲ್ಯವಿದ್ದಂತೆ, ಊಟವಲ್ಲ. ಕಾಳೂ ಸುಣ್ಣದಂಶವೂ ಬೇಕೇ ಬೇಕು.

ಶುಕ್ರವಾರ ಸಂಜೆ ಮಾತ್ರ ಸರೂರ್‌ನಗರಕ್ಕೆ ಹೋಗುವುದನ್ನು ತಪ್ಪಿಸುವುದಿಲ್ಲ. ಅಜ್ಜಿ ಮಾರದೆ ಉಳಿದ ಸೊಪ್ಪನ್ನು ನಮಗೆಂದು ತೆಗೆದಿಟ್ಟಿರುತ್ತಾರೆ. ದುಡ್ಡು ಕೊಟ್ಟರೆ ಮುಟ್ಟುವುದಿಲ್ಲ. ಎರಡು ಮೊಟ್ಟೆ ಕೊಟ್ಟರೆ ಸೆರಗಿನಲ್ಲಿ ಇಟ್ಟುಕೊಳ್ಳುತ್ತಾರೆ. ಮೊನ್ನೆ ಹೇಳಿದರು: ಅವರ ಮೊಮ್ಮಗ ಮೊಟ್ಟೆಯ ಹಳದಿ ನೋಡಿ, “ಇದು ನಮ್ಮ ಊರಿನ ಮೊಟ್ಟೆ” ಎಂದನಂತೆ.

ಊರು ಬಿಟ್ಟು ಬಂದ ನಮಗೂ ಆ ಮಾತು ಹಿತವಾಯಿತು.