ಹನ್ನೊಂದು ತಿಂಗಳ ಚಾಲಗೇಣಿ

'ಗೇಣಿ' ಎಂಬ ಪದ ಇಂದಿನ ಯುವಜನರ ಬಾಯಲ್ಲಿ ಬರುವುದು ಅಪರೂಪ. ಆದರೆ ದಕ್ಷಿಣ ಕನ್ನಡದ ಕೃಷಿಕ ಮನೆತನಗಳ ಹಿರಿಯರಿಗೆ ಅದು ಮರೆಯಲಾಗದ ಪದ. ನಮ್ಮ ಕರಾವಳಿಯಲ್ಲಿ ಗೇಣಿಯು ಮುಖ್ಯವಾಗಿ ಎರಡು ಬಗೆಯದಾಗಿತ್ತು. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕಿತ್ತು. ಅವನು ತೆರಬೇಕಾದ ಗೇಣಿಯೂ ನಿಶ್ಚಿತವಾಗಿತ್ತು. ಚಾಲಗೇಣಿದಾರನಿಗಾದರೋ ಅಂತಹ ಯಾವ ಭದ್ರತೆಯೂ ಇರಲಿಲ್ಲ. ಅವನ ಒಪ್ಪಂದ ವರ್ಷದಿಂದ ವರ್ಷಕ್ಕೆ ಮಾತ್ರ. ಧನಿಗಳು ಗೇಣಿ ಏರಿಸಿದರೆ ಒಪ್ಪಬೇಕು; ಬಿಟ್ಟು ಹೋಗು ಎಂದರೆ ಹೋಗಬೇಕು.

ನಮ್ಮ ಮನೆತನವೂ ಬಂಟ್ವಾಳ ತಾಲೂಕಿನ ಹಳ್ಳಿಯೊಂದರಲ್ಲಿ ಚಾಲಗೇಣಿಯ ಒಕ್ಕಲಾಗಿತ್ತು. ಏಣೆಲು ಬೆಳೆ ಕೊಯ್ದು ಅಕ್ಕಿ ಮುಡಿ ಕಟ್ಟಿದೊಡನೆ ಮೊದಲು ಎಣಿಸಿ ಪ್ರತ್ಯೇಕವಾಗಿ ಇಡುತ್ತಿದ್ದುದು ಧನಿಗಳ ಪಾಲನ್ನು. ಹಬ್ಬ ಬಂತೆಂದರೆ ಬಾಳೆಗೊನೆ, ಸೌತೆಕಾಯಿ, ತೆಂಗಿನಕಾಯಿಗಳ ಕಾಣಿಕೆ ಬೇರೆ. ನಮ್ಮ ತಂದೆ ಆಗಾಗ ಒಂದು ಮಾತು ಹೇಳುತ್ತಿದ್ದರು: "ವರ್ಷದ ಗೇಣಿಯವನು ತೆಂಗಿನ ಸಸಿ ನೆಡುವುದಿಲ್ಲ." ಸಸಿ ಫಲ ಕೊಡಲು ಆರೇಳು ವರ್ಷ ಬೇಕು, ಅಷ್ಟು ಕಾಲ ತಾನು ಆ ಮಣ್ಣಿನಲ್ಲಿ ಇರುತ್ತೇನೆಂಬ ನಂಬಿಕೆ ಒಕ್ಕಲಿಗೆ ಇರುತ್ತಿರಲಿಲ್ಲ.

ಆ ನಂಬಿಕೆಯನ್ನು ಕೊಟ್ಟದ್ದು ಒಂದು ಕಾನೂನು. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಸರಕಾರ ತಂದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯಲ್ಲಿದ್ದ ಭೂಮಿ ಸರಕಾರದಲ್ಲಿ ನಿಹಿತವಾಯಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ಭೂ ನ್ಯಾಯಮಂಡಳಿಯ ಮುಂದೆ ತನ್ನ ಬೇಸಾಯವನ್ನು ರುಜುಪಡಿಸಿದರೆ ಅವನೇ ಒಡೆಯನಾದನು. ಊರವರು ಇದನ್ನು 'ಡಿಕ್ಲರೇಶನ್' ಎಂದರು. ಹಾಗೆ ದೊರೆತ ಭೂಮಿ ಇಂದಿಗೂ 'ಡಿಕ್ಲರೇಶನ್ ಜಾಗ'ವೇ. ನಮ್ಮ ಜಿಲ್ಲೆಯ ಎಷ್ಟೋ ಕ್ರೈಸ್ತ ಮನೆತನಗಳು ಹೀಗೆ ಭೂಮಿಯ ಒಡೆತನ ಪಡೆದವು. ನ್ಯಾಯಮಂಡಳಿಯ ತೀರ್ಪು ಕೈಗೆ ಬಂದ ಮಳೆಗಾಲದಲ್ಲೇ ನಮ್ಮ ತಂದೆ ಮನೆಯ ಹಿಂದಿನ ಬೆಟ್ಟುಗದ್ದೆಯ ಬದುವಿನಲ್ಲಿ ತೆಂಗಿನ ಸಸಿಗಳನ್ನು ನೆಟ್ಟರು. ಅವುಗಳ ಫಲದಿಂದ ಮಕ್ಕಳ ಶಾಲೆಯ ಶುಲ್ಕ ಸಂದಾಯವಾಯಿತು. ಗುರುಮಠಕ್ಕೆ ಹೊರಟ ನನ್ನ ಪೆಟ್ಟಿಗೆಯನ್ನು ಕೊಂಡದ್ದೂ ಅದೇ ಹಣದಿಂದ.

ಪ್ರಿಯ ಓದುಗರೇ, ಈ ಹಳೆಯ ಕಥೆಯನ್ನು ಈಗೇಕೆ ಹೇಳುತ್ತಿದ್ದೇನೆಂದರೆ, ಚಾಲಗೇಣಿ ಅಳಿದಿಲ್ಲವೆಂದು ನನಗೆ ಅನಿಸುತ್ತಿದೆ. ಅದು ಗದ್ದೆಯನ್ನು ಬಿಟ್ಟು ಮನೆಯೊಳಗೆ ಸೇರಿಕೊಂಡಿದೆ.

ಕಂಕನಾಡಿಯ ಆಸುಪಾಸಿನಲ್ಲಿ ಮನೆಭೇಟಿಗೆಂದು ಹೋಗುವಾಗ ಎರಡು ಬಗೆಯ ಬಾಗಿಲುಗಳು ಕಾಣಸಿಗುತ್ತವೆ. ಮೊದಲನೆಯದು ಬೀಗ ಹಾಕಿದ ಬಾಗಿಲು. ಒಡೆಯರು ಕೊಲ್ಲಿ ರಾಷ್ಟ್ರಗಳಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ದುಡಿದ ಹಣವನ್ನು ಭದ್ರವಾಗಿಡಲು ಕೊಂಡ ಫ್ಲ್ಯಾಟ್ ಅದು. ಎರಡನೆಯದು, ಹೊಸ್ತಿಲ ತುಂಬ ಚಪ್ಪಲಿಗಳಿರುವ ಬಾಗಿಲು. ಅಲ್ಲಿ ವಿದ್ಯಾರ್ಥಿಗಳು ಕೋಣೆಗೆ ಮೂವರು ನಾಲ್ವರಂತೆ ವಾಸಿಸುತ್ತಾರೆ. ಇದಕ್ಕೆ ಕಾರಣವಿದೆ. 1880ರಲ್ಲಿ ವಂದನೀಯ ಅಗಸ್ಟಸ್ ಮುಲ್ಲರ್‌ರವರು ಬಡವರಿಗಾಗಿ ತೆರೆದ ಹೋಮಿಯೋಪತಿ ಔಷಧಾಲಯವು ಇಂದು ವೈದ್ಯಕೀಯ ಕಾಲೇಜು, ನರ್ಸಿಂಗ್ ಕಾಲೇಜುಗಳನ್ನೊಳಗೊಂಡ ದೊಡ್ಡ ಸಂಸ್ಥೆ. ನಗರದಲ್ಲಿ ಅಂತಹ ವಿದ್ಯಾಸಂಸ್ಥೆಗಳು ಇನ್ನೂ ಹಲವು. ದೂರದಿಂದ ಬಂದ ವಿದ್ಯಾರ್ಥಿಗಳು ಮಂಚಕ್ಕೆ ಇಷ್ಟೆಂದು ಬಾಡಿಗೆ ಕೊಡುತ್ತಾರೆ. ಒಂದೇ ಮನೆಯಲ್ಲಿ ಎಂಟು ಮಂಚ ಹಾಕಿದರೆ ಬರುವ ಆದಾಯವನ್ನು ಯಾವ ಕೂಲಿಕಾರ ಕುಟುಂಬ ತಾನೇ ಕೊಡಬಲ್ಲದು? ಒಂದೆಡೆ ಕಡಲು, ಇನ್ನೆರಡು ಕಡೆ ನೇತ್ರಾವತಿ ಮತ್ತು ಫಲ್ಗುಣಿ. ನಮ್ಮ ನಗರಕ್ಕೆ ಬೆಳೆಯಲು ಉಳಿದಿರುವ ಸಮತಟ್ಟಾದ ನೆಲವೂ ಕಡಿಮೆ. ಹೀಗಾಗಿ ಕುಟುಂಬಗಳಿಗೆ ಸಿಗುವ ಮನೆಗಳು ವರ್ಷವರ್ಷವೂ ವಿರಳವಾಗುತ್ತಿವೆ, ದುಬಾರಿಯಾಗುತ್ತಿವೆ.

ಇಲ್ಲಿನ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ದುಡಿಯುವ ತಾಯಿಯೊಬ್ಬರ ಮನೆ ಆಶೀರ್ವಾದಕ್ಕೆ ಹೋಗಿದ್ದೆ. ಆರು ವರ್ಷಗಳಲ್ಲಿ ಅದು ಅವರ ನಾಲ್ಕನೆಯ ಬಾಡಿಗೆ ಮನೆ. ಯೇಸುವಿನ ಪವಿತ್ರ ಹೃದಯದ ಚಿತ್ರವನ್ನು ಫ್ರಿಜ್ಜಿನ ಮೇಲೆ ಒರಗಿಸಿಟ್ಟಿದ್ದರು. ನಾನು ಕೇಳುವ ಮೊದಲೇ ಆಕೆ, "ಗೋಡೆಗೆ ಮೊಳೆ ಹೊಡೆಯಬಾರದೆಂದು ಕರಾರಿನಲ್ಲಿದೆ, ಫಾದರ್" ಎಂದರು. ಸಂಬಳದ ಅರ್ಧಕ್ಕಿಂತ ಹೆಚ್ಚು ಬಾಡಿಗೆಗೇ ಹೋಗುತ್ತಿತ್ತು. ಮರುವರ್ಷ ಬಾಡಿಗೆ ಏರಿದಾಗ ಅವರು ನಗರವನ್ನೇ ಬಿಟ್ಟು ಫರಂಗಿಪೇಟೆಯಿಂದಲೂ ಆಚೆಗೆ ಹೋಗಬೇಕಾಯಿತು. ಈಗ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಾರೆ. ಮಕ್ಕಳು ಏಳುವ ಹೊತ್ತಿಗೆ ತಾಯಿ ಮನೆಯಲ್ಲಿರುವುದಿಲ್ಲ. ದೊಡ್ಡ ಮಗಳ ಶಾಲೆ ಮೂರು ಬಾರಿ ಬದಲಾಗಿದೆ. ತೆಂಗಿನ ಸಸಿಯ ಬಗೆಗಿನ ನಮ್ಮ ತಂದೆಯ ಮಾತು ಅಂದು ನನಗೆ ನೆನಪಾಯಿತು.

ಬಾಡಿಗೆಯ ಕರಾರು ಹನ್ನೊಂದು ತಿಂಗಳದ್ದೇ ಏಕೆ? ಒಂದು ವರ್ಷ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ವಿಧಿಸುತ್ತದೆ. ಆ ಖರ್ಚನ್ನೂ ಬದ್ಧತೆಯನ್ನೂ ತಪ್ಪಿಸಲು ಹನ್ನೊಂದು ತಿಂಗಳು. ಅದು ಮುಗಿದೊಡನೆ ಬಾಡಿಗೆ ಏರಿಸಬಹುದು, ಬಿಡಿ ಎನ್ನಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಾದರೂ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆ ಮೊತ್ತಕ್ಕೆ ಇಂದು ಕಂಕನಾಡಿಯಲ್ಲಿ ಕುಟುಂಬವೊಂದಕ್ಕೆ ಯೋಗ್ಯವಾದ ಮನೆ ದೊರೆಯುವುದು ದುಸ್ತರ.

ಮನೆಯೊಡೆಯರ ಭಯವನ್ನೂ ನಾನು ಬಲ್ಲೆ. 1974ರ ಕಾಯ್ದೆಯಿಂದ ಕೇವಲ ದೊಡ್ಡ ಧನಿಗಳು ಭೂಮಿ ಕಳೆದುಕೊಳ್ಳಲಿಲ್ಲ. ಗೇಣಿಯ ನಾಲ್ಕು ಮುಡಿ ಅಕ್ಕಿಯನ್ನೇ ನೆಚ್ಚಿಕೊಂಡಿದ್ದ ವಿಧವೆಯರೂ ಕಳೆದುಕೊಂಡರು. "ಒಮ್ಮೆ ಕೊಟ್ಟರೆ ಬಿಡಿಸಿಕೊಳ್ಳಲಾಗದು" ಎಂಬ ಅಂಜಿಕೆ ನಮ್ಮ ಜಿಲ್ಲೆಯಲ್ಲಿ ಆಳವಾಗಿ ಬೇರೂರಿದೆ. ನಿವೃತ್ತ ದಂಪತಿಗಳಿಗೆ ಮೇಲಿನ ಮಹಡಿಯ ಬಾಡಿಗೆಯೇ ಪಿಂಚಣಿ. ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಭಯವು ಎರಡೂ ಕಡೆ ಇದೆ; ಅದರ ಸಂಪೂರ್ಣ ಬೆಲೆಯನ್ನು ತೆರುತ್ತಿರುವವರು ಮಾತ್ರ ಬಾಡಿಗೆದಾರರು.

ಇನ್ನೊಂದು ಸತ್ಯವನ್ನೂ ಗಮನಿಸೋಣ. 1974ರಲ್ಲಿ ಗದ್ದೆ ದೊರೆತದ್ದು ಗೇಣಿದಾರರಿಗೆ. ಅವರ ಗದ್ದೆಯಲ್ಲಿ ಕೂಲಿಗೆ ದುಡಿದವರಿಗೆ, ಅವರು ವಾಸಿಸುತ್ತಿದ್ದ ಮನೆಯಡಿಯ ಜಾಗ ಕೇಳುವ ಅವಕಾಶ ಕಾಯ್ದೆಯಲ್ಲಿತ್ತು; ಗದ್ದೆಯಲ್ಲಿ ಪಾಲಿರಲಿಲ್ಲ. ಗೇಣಿದಾರರ ಮಕ್ಕಳ ಭೂಮಿ ಇಂದು ಎಕರೆಯಲ್ಲಿ ಅಲ್ಲ, ಸೆಂಟ್ಸಿನಲ್ಲಿ ಮಾರಾಟವಾಗುತ್ತಿದೆ. ಎಕರೆಯ ನೂರನೆಯ ಒಂದು ಭಾಗವಾದ ಸೆಂಟ್ಸ್ ಎಂದರೆ ಬರೇ 435 ಚದರಡಿ. ಬೈಲುಗದ್ದೆಗೆ ಮಣ್ಣು ತುಂಬಿಸಿ ನಿವೇಶನ ಮಾಡಲಾಗುತ್ತಿದೆ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ, ಎಷ್ಟೇ ಆದಾಯವುಳ್ಳವರೂ ಕೃಷಿಭೂಮಿ ಕೊಳ್ಳಬಹುದು. ಸರಕಾರದ ವಸತಿ ಯೋಜನೆಗಳಿವೆ; ಆದರೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಫಲಾನುಭವಿಯೇ ಮನೆ ಕಟ್ಟಿಕೊಳ್ಳಲು ಸಿಗುವ ನೆರವಿಗೆ ಸ್ವಂತ ಜಾಗ ಬೇಕು. ಐದು ಸೆಂಟ್ಸ್ ಇಲ್ಲದವನಿಗೆ ಆ ನೆರವೂ ಇಲ್ಲ. ಹೀಗೆ ಇಂದಿನ ಅಂತರ ಧನಿ ಮತ್ತು ಒಕ್ಕಲುಗಳ ನಡುವಿನದಲ್ಲ. ತಂದೆಯಿಂದ ನೆಲ ಬಂದವರ ಮತ್ತು ಬಾರದವರ ನಡುವಿನದು.

ಯಾಜಕಕಾಂಡದ 25ನೆಯ ಅಧ್ಯಾಯವನ್ನು ನಾವು ಜುಬಿಲಿ ವರ್ಷಗಳಲ್ಲಿ ಓದುತ್ತೇವೆ. ಮಾರಿದ ಹೊಲ ಐವತ್ತನೆಯ ವರ್ಷದಲ್ಲಿ ಮೂಲ ಕುಟುಂಬಕ್ಕೆ ಹಿಂದಿರುಗಬೇಕೆಂಬುದು ಎಲ್ಲರಿಗೂ ಗೊತ್ತು. ಅದೇ ಅಧ್ಯಾಯದಲ್ಲಿ ಮನೆಗಳ ಕುರಿತ ನಿಯಮವೂ ಇದೆ. ಕೋಟೆಯಿಲ್ಲದ ಹಳ್ಳಿಯ ಮನೆ ಹೊಲದಂತೆಯೇ ಹಿಂದಿರುಗಬೇಕು. ಕೋಟೆಯುಳ್ಳ ಪಟ್ಟಣದ ಮನೆಯನ್ನಾದರೋ ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಶಾಶ್ವತ. ಪಟ್ಟಣದಲ್ಲಿ ಕನಿಕರಕ್ಕೆ ಒಂದೇ ವರ್ಷದ ಅವಧಿ! ಆದರೆ ಇದಕ್ಕೊಂದು ಅಪವಾದವಿದೆ. ಲೇವಿಯರು ತಮ್ಮ ಪಟ್ಟಣಗಳಲ್ಲಿನ ಮನೆಗಳನ್ನು ಯಾವಾಗ ಬೇಕಾದರೂ ಬಿಡಿಸಿಕೊಳ್ಳಬಹುದಾಗಿತ್ತು. ಇತರ ಕುಲಗಳಂತೆ ಅವರಿಗೆ ಹೊಲದ ಪಾಲಿರಲಿಲ್ಲ, ಆ ಮನೆಗಳೇ ಅವರ ಸೊತ್ತು. ನೆಲವಿಲ್ಲದವನ ಮನೆಗೆ ಹೆಚ್ಚಿನ ರಕ್ಷಣೆ ಬೇಕೆಂಬ ವಿವೇಕ ಅಷ್ಟು ಹಳೆಯದು. ಪೋಪ್ ಫ್ರಾನ್ಸಿಸ್‌ರವರು 2014ರಲ್ಲಿ ಜನಚಳುವಳಿಗಳ ಪ್ರತಿನಿಧಿಗಳನ್ನು ಉದ್ದೇಶಿಸಿ ಮಾತನಾಡುತ್ತಾ ಭೂಮಿ, ಸೂರು, ದುಡಿಮೆ ಈ ಮೂರನ್ನೂ ಪವಿತ್ರ ಹಕ್ಕುಗಳೆಂದು ಒಟ್ಟಿಗೆ ಹೆಸರಿಸಿದ್ದು ಇದೇ ಅರ್ಥದಲ್ಲಿ.

ಕಾನೂನು ಬದಲಾಗುವುದು ಸರಕಾರದ ಕೈಯಲ್ಲಿದೆ. ಕರಾರು ಬರೆಯುವುದು ನಮ್ಮ ಕೈಯಲ್ಲಿದೆ. ಮನೆಯೊಡೆಯರಾದ ಓದುಗರಲ್ಲಿ ನನ್ನ ವಿನಂತಿ ಸರಳವಾದುದು. ಬಾಡಿಗೆದಾರರಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಮೂರು ವರ್ಷಗಳ ಕರಾರು ಮಾಡಿಕೊಳ್ಳಿ, ನೋಂದಾಯಿಸಿ. ನೋಂದಾಯಿತ ಪತ್ರ ಅವಧಿ ಮುಗಿದಾಗ ನಿಮ್ಮನ್ನೂ ಕಾಪಾಡುತ್ತದೆ. ವರ್ಷಕ್ಕೆ ಎಷ್ಟು ಏರಿಕೆಯೆಂಬುದನ್ನು ಮೊದಲೇ ಬರೆದುಕೊಳ್ಳಿ. 'ನಮ್ಮವರಿಗೆ ಮಾತ್ರ' ಎಂಬ ಷರತ್ತನ್ನು ಕೈಬಿಡಿ. ಪರದೇಶದಲ್ಲಿರುವ ಮಕ್ಕಳ ಮನೆ ಬೀಗದೊಳಗೆ ಮಳೆಗಾಲದ ಬೂಸ್ಟಿಗೆ ಹಾಳಾಗುವ ಬದಲು, ಜವಾಬ್ದಾರಿ ಹೊತ್ತುಕೊಳ್ಳಬಲ್ಲ ಹಿರಿಯರೊಬ್ಬರ ಮುಖಾಂತರ ಕುಟುಂಬವೊಂದಕ್ಕೆ ದೊರೆಯಲಿ. ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳಲ್ಲಿ ಸಭಾಭವನದ ಬಾಡಿಗೆಯನ್ನು ಚರ್ಚಿಸುವಾಗ, ನಮ್ಮ ನೆರೆಯಲ್ಲಿ ಈ ವರ್ಷ ಎಷ್ಟು ಕುಟುಂಬಗಳು ಮನೆ ಸಿಗದೆ ಊರು ಬಿಟ್ಟವು ಎಂಬ ಪ್ರಶ್ನೆಯನ್ನೂ ಕೇಳೋಣ.

ನಮ್ಮ ಹಿರಿಯರಿಗೆ ಒಂದು ಕಾನೂನು ನಾಳೆಯ ಭರವಸೆಯನ್ನು ಕೊಟ್ಟಿತು. ಆ ಭರವಸೆಯ ಫಲವನ್ನು ಉಂಡು ಬೆಳೆದವರು ನಾವು. ಮುಂದಿನ ಬಾರಿ ಕರಾರಿನ ಕಾಗದ ಮೇಜಿನ ಮೇಲೆ ಬಂದಾಗ, ಸಹಿ ಹಾಕುವ ಮೊದಲು ಎದುರಿಗೆ ಕುಳಿತವರನ್ನು ಒಂದು ಮಾತು ಕೇಳಿ ನೋಡಿ: "ನಿಮ್ಮ ಮಕ್ಕಳ ಓದು ಮುಗಿಯಲು ಇನ್ನೆಷ್ಟು ವರ್ಷ?"