ಹಾರದ ಹಿಂದಿನ ಹವಾಲ್ದಾರ

ನಮ್ಮ ಕಡೆಯ ಸನ್ಮಾನದ ಫೋಟೊಗಳಲ್ಲಿ ಸನ್ಮಾನ ಮಾಡಿದವರು ಕಾಣುತ್ತಾರೆ, ಮಾಡಿಸಿಕೊಂಡವರು ಕಾಣುವುದಿಲ್ಲ. ಶಾಲು ಹೊದಿಸಲು ಆರು ಕೈ, ಹಾರಕ್ಕೆ ಎಂಟು, ಹಣ್ಣಿನ ಬುಟ್ಟಿ ಹಿಡಿಯಲು ಮತ್ತೆ ನಾಲ್ಕು. ಅಷ್ಟೂ ಕೈಗಳ ನಡುವೆ ಎಲ್ಲೋ ಒಂದು ಮೂಗು ಇಣುಕುತ್ತಿದ್ದರೆ ಅದು ಸನ್ಮಾನಿತರದು ಎಂದು ತಿಳಿಯಬೇಕು. ನಿವೃತ್ತ ಮಾಸ್ತರರದೋ ಪ್ರಗತಿಪರ ರೈತರದೋ ಆದರೆ ನಕ್ಕು ಸುಮ್ಮನಾಗಬಹುದು. ಮಾಜಿ ಸೈನಿಕರಿಗೂ ಇದೇ ಗತಿಯಾದಾಗ ನನಗೆ ಕಿರಿಕಿರಿಯಾಗುತ್ತದೆ. ಅವರು ವರ್ಷಗಟ್ಟಲೆ ಹಿಮದಲ್ಲಿ, ಮರಳಲ್ಲಿ ನಿಂತು ಗಳಿಸಿದ ಪದಕಗಳು ಎಡ ಎದೆಯ ಮೇಲಿರುತ್ತವೆ. ನಮ್ಮ ಚೆಂಡುಹೂವಿನ ಹಾರ ಹೋಗಿ ಬೀಳುವುದೂ ಸರಿಯಾಗಿ ಅಲ್ಲಿಗೇ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಗೆ ಪೋಣಿಸಿದ ಊರುಗಳು. ಮೊದಲನೆಯದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ, ಟ್ರ್ಯಾಕ್ಟರಿನ ಗತ್ತು. ಎರಡನೆಯದಕ್ಕೆ ಅಶೋಕನ ಶಾಸನ. ಮೂರನೆಯದಕ್ಕೆ ಸೈನ್ಯದ ಛಾವಣಿ. ಕರ್ನಾಟಕದಲ್ಲಿ ಸೈನಿಕರ ಮಾತು ಬಂದರೆ ಎಲ್ಲರ ಬೆರಳೂ ಕೊಡಗಿನ ಕಡೆ ತಿರುಗುತ್ತದೆ. ತಿರುಗಲಿ, ತಪ್ಪಿಲ್ಲ. ಆದರೆ ಈ ಎರೆನಾಡಿನಿಂದಲೂ ಹುಡುಗರು ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿಗೋ ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿಗೋ ಭರ್ತಿಯಾಗಿ ಹೋಗುತ್ತಾರೆ. ತಿರುಗಿ ಬಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂಡುತ್ತಾರೆ. ಊರಿಗೆ ಅವರ ನೆನಪಾಗುವುದು ಹೆಚ್ಚಾಗಿ ಮಿಲ್ಟ್ರಿ ಕ್ಯಾಂಟೀನಿನ ಕೋಟಾ ಬೇಕಾದಾಗ.

ಇದನ್ನೆಲ್ಲ ನನ್ನ ತಲೆಗೆ ಹಚ್ಚಿದವರು ಸಿಂಧನೂರಿನ ನಮ್ಮ ಸ್ಟುಡಿಯೋ ಕಾಕಾ. ಅವರ ಸ್ಟುಡಿಯೋದಲ್ಲಿ ಇವತ್ತಿಗೂ ಒಂದು ಬಣ್ಣದ ಪರದೆಯಿದೆ. ಅದರಲ್ಲಿ ಜಲಪಾತ, ಜಲಪಾತದ ಪಕ್ಕ ತಾಜಮಹಲು. ರಜೆಗೆ ಬಂದ ಪ್ರತಿ ಸಿಪಾಯಿಯೂ ಯೂನಿಫಾರ್ಮ್ ತೊಟ್ಟು ಅದರ ಮುಂದೆ ನಿಂತವನೇ. ಕಾಕಾ ಯಾರಿಗೂ ನಗು ಅನ್ನುವುದಿಲ್ಲ. “ನಗಬ್ಯಾಡ್ರಿ, ಡ್ಯೂಟಿ ಮ್ಯಾಲ ನಿಂತಂಗ ನಿಂದ್ರಿ” ಅನ್ನುತ್ತಾರೆ. ಆಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದು ಹೆಸರು, ಊರು, ರೆಜಿಮೆಂಟು, ಸೇರಿದ ವರ್ಷ ಬರೆದುಕೊಳ್ಳುತ್ತಾರೆ. ಬರೆಯುವ ತನಕ ಫೋಟೊ ಕೊಡುವುದಿಲ್ಲ. ಗಡಿಬಿಡಿಯ ಗಿರಾಕಿಗಳು ಬೈದುಕೊಳ್ಳುತ್ತ ಬೇರೆ ಅಂಗಡಿಗೆ ಹೋದದ್ದೂ ಉಂಟು.

ಮಾಜಿ ಸೈನಿಕರ ದಿನ ಬರುವುದು ಜನವರಿ 14ಕ್ಕೆ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ, ಕೊಡಗಿನ ಕೆ.ಎಂ. ಕಾರ್ಯಪ್ಪ 1953ರಲ್ಲಿ ನಿವೃತ್ತರಾದ ದಿನ ಅದು. ಕೊಡಗಿನವರ ಮೇಲೆ ನನ್ನದೇನೂ ತಕರಾರಿಲ್ಲ, ಆದರೆ ನಮ್ಮ ಕಡೆ ಸಂಕ್ರಮಣವೂ ಅದೇ ಹೊತ್ತಿಗೆ ಬರುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಕಟ್ಟಿಕೊಂಡು ಅರ್ಧ ಊರು ಟ್ರ್ಯಾಕ್ಟರ್ ಹತ್ತಿ ಹೊಳೆಗೆ ಹೋಗಿರುತ್ತದೆ. ಹಾಗಾಗಿ ಸಭಾಂಗಣದಲ್ಲಿ ವೇದಿಕೆ ತುಂಬಿ ತುಳುಕುತ್ತದೆ, ಕುರ್ಚಿಗಳು ಮಾತ್ರ ಖಾಲಿ.

ಅಂಥದೊಂದು ಕಾರ್ಯಕ್ರಮಕ್ಕೆ ಕಾಕಾ ನನ್ನನ್ನೂ ಎಳೆದುಕೊಂಡು ಹೋದರು. ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು, ಕ್ಯಾಮೆರಾ ಹಿಡಿಯಲು ನಾನು. ಅಲ್ಲಿ ಮೈಸೂರು ಪೇಟ ಒಂದೇ ಇತ್ತು, ತಲೆಗಳು ಹಲವು. ಹಿರಿಯ ಸುಬೇದಾರರೊಬ್ಬರು ತಮ್ಮ ಬಿರೆ ಟೋಪಿಯನ್ನು ಬಿಲ್ಲೆ ಮೇಲಾಗುವಂತೆ ತುಸು ಓರೆಯಾಗಿ, ಕನ್ನಡಿ ನೋಡಿಕೊಂಡು ಇಟ್ಟುಕೊಂಡು ಬಂದಿದ್ದರು. ಅದನ್ನು ತೆಗೆಸಿ ಕೈಗೆ ಕೊಟ್ಟು, ಪೇಟ ಇಟ್ಟು, ಚಪ್ಪಾಳೆ ತಟ್ಟಿ, ಮುಂದಿನವರಿಗೆಂದು ಪೇಟವನ್ನು ವಾಪಸು ಕಿತ್ತುಕೊಂಡರು. ರುಮಾಲಿನ ನಾಡಿನಲ್ಲಿ ಮೈಸೂರು ಪೇಟ ಯಾಕೆ ಎಂಬುದು ಬೇರೆ ಜಗಳ. ಅದನ್ನು ಇನ್ನೊಮ್ಮೆ ಆಡೋಣ.

ಕಾಕಾ ತಡೆದುಕೊಳ್ಳಲಿಲ್ಲ. ವೇದಿಕೆಗೆ ಹತ್ತಿದರು. “ಸಾಹೇಬ್ರ, ನಿಮ್ಮ ಫೋಟೊ ದಿನಾ ಪೇಪರ್‌ನ್ಯಾಗ ಬರ್ತೈತ್ರಿ. ಇವರದು ಇವತ್ತೊಂದ ದಿನ. ಎರಡ ಹೆಜ್ಜಿ ಹಿಂದ ಸರೀರಿ.” ಗಣ್ಯರು ನಕ್ಕರು, ಯಾರೂ ಸರಿಯಲಿಲ್ಲ. ಕೊನೆಗೆ ಕಾಕಾ ಸೈನಿಕರನ್ನೇ ಹಿಂದಿನ ಬಾಗಿಲಿನಿಂದ ಹೊರಗೆ ಕರೆದು, ಬೇವಿನ ಗಿಡದ ನೆರಳಿಗೆ ನಿಲ್ಲಿಸಿ, ಹಾರ ಬೀಳುವ ಮೊದಲೇ ಒಬ್ಬೊಬ್ಬರದಾಗಿ ನನ್ನಿಂದ ಫೋಟೊ ತೆಗೆಸಿದರು. ಒಳಗೆ ಮೈಕಿನಲ್ಲಿ ಅವರ ತ್ಯಾಗದ ಬಗ್ಗೆ ಭಾಷಣ ನಡೆದಿತ್ತು. ಅವರು ಒಳಗಿಲ್ಲದ್ದು ಭಾಷಣಕ್ಕೆ ಗೊತ್ತಾಗಲಿಲ್ಲ.

ಕಾಕಾರ ಪ್ರಕಾರ ಸೈನಿಕನನ್ನೇ ಚಿತ್ರದ ಮುಂದಿಡುವ ಈ ವಿದ್ಯೆಯಲ್ಲಿ ನಿಜವಾದ ಗುರುಗಳೆಂದರೆ ವೀರಗಲ್ಲು ಕಡೆದವರು. ಕೆಳಗೆ ಕಾಳಗ, ಮಧ್ಯದಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಕಲ್ಲು ನಿಲ್ಲಿಸಿದ ದೊಡ್ಡವರು ಬೇಕಾದರೆ ಅಕ್ಷರದಲ್ಲಿ ಇರಲಿ, ಚಿತ್ರದೊಳಗೆ ಅಡ್ಡ ಬರುವುದಿಲ್ಲ. “ಹೀರೋ ಯಾರಂತ ಕಲ್ಲುಕುಟಿಗಂಗ ಗೊತ್ತಿತ್ತು ನೋಡಪಾ.”

ಅಂಥದೇ ಇನ್ನೊಂದು ಕಾರ್ಯಕ್ರಮಕ್ಕೆ ಮಸ್ಕಿಗೆ ಹೋದಾಗ ಕಾಕಾ ಹಟ ಹಿಡಿದು ಗುಡ್ಡದ ಅಶೋಕ ಶಾಸನದ ಹತ್ತಿರ ಕರೆದೊಯ್ದರು. ಶಾಲೆಯಲ್ಲಿ ಓದಿದ್ದು ಅರ್ಧಂಬರ್ಧ ನೆನಪಿತ್ತು: 1837ರ ಸುಮಾರಿಗೆ ಪ್ರಿನ್ಸೆಪ್ ಎಂಬ ಇಂಗ್ಲಿಷಿನವ ಬ್ರಾಹ್ಮಿ ಲಿಪಿ ಓದಿದ. ಬಂಡೆ ಬಂಡೆಗಳಲ್ಲೂ ‘ದೇವಾನಂಪಿಯ’ ಎಂಬ ಬಿರುದು ಸಿಕ್ಕಿತು, ಆ ದೊರೆ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಬಲದಿಂದ ವಿದ್ವಾಂಸರು ಹೇಳಿದರು. ಬಂಡೆಯ ಬಾಯಿಂದ ಹೆಸರು ಹೊರಟದ್ದು 1915ರಲ್ಲಿ, ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಈ ಶಾಸನ ಕಂಡ ಮೇಲೆ. ಇಲ್ಲಿ ‘ಅಸೋಕಸ’ ಎಂದಿತ್ತು. ಮುಂದೆ ಸಿಂಧನೂರಿನಿಂದ ಹೊಳೆ ದಾಟಿದರೆ ಸಿಗುವ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು.

“ಚಕ್ರವರ್ತಿದೇ ಹೆಸರು ಸಿಗಾಕ ಇಷ್ಟು ವರ್ಷ ಹಿಡೀತು. ಹಂಗಾರ ಹವಾಲ್ದಾರಂದು?” ಎಂದರು ಕಾಕಾ. ಅವರ ಮಾತಿನಲ್ಲಿ ತೂಕವಿತ್ತು. ಸಾವಿರ ವರ್ಷದ ಹಿಂದೆ ರಾಜೇಂದ್ರ ಚೋಳನೂ ಚಾಲುಕ್ಯ ಜಯಸಿಂಹನೂ ಕಾದಾಡಿದ ಮುಶಂಗಿ ಈ ಮಸ್ಕಿಯೇ ಎಂದು ಹಲವು ವಿದ್ವಾಂಸರ ಮತ. ಆಮೇಲೆ ಬಹಮನಿ, ವಿಜಯನಗರ, ಬಿಜಾಪುರದವರೆಲ್ಲ ಕೃಷ್ಣೆ-ತುಂಗಭದ್ರೆಯ ನಡುವಿನ ಈ ನೆಲವನ್ನು ಮತ್ತೆ ಮತ್ತೆ ತುಳಿದರು. ದೊರೆಗಳ ಹೆಸರುಗಳು ಪರೀಕ್ಷೆಗೆ ಬರುತ್ತವೆ. ಕಾಲಾಳುಗಳ ಲೆಕ್ಕದ ಪುಸ್ತಕ ಯಾವ ಕಾಕಾ ಇಟ್ಟಿದ್ದ?

ಲಿಂಗಸುಗೂರಿಗೆ ಹೋದರೆ ಊರೇ ಸೈನ್ಯದ ಗುರುತು. ನಿಜಾಮನ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಇಲ್ಲಿ ಬೀಡುಬಿಟ್ಟಿತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಸುರಪುರದ ದೊರೆ ವೆಂಕಟಪ್ಪ ನಾಯಕನ ಮೇಲೆ ದಂಡು ಹೊರಟದ್ದು ಇಲ್ಲಿಂದಲೇ. ಹಾಗಾಗಿ ಇಲ್ಲಿ ಸೈನಿಕರಿಗೆ ಗೌರವ ಎಂದರೆ ಯಾರ ಕಡೆಯ ಸೈನಿಕರಿಗೆ ಎಂಬ ಪ್ರಶ್ನೆಯೂ ಒಳಗೊಳಗೇ ಏಳುತ್ತದೆ. ಹಳೆಯ ಊರು ಕಸಬಾ ಆಗಿ ಪಕ್ಕದಲ್ಲಿ ಉಳಿಯಿತು, ಛಾವಣಿಯೇ ಪಟ್ಟಣವಾಯಿತು.

ಅಲ್ಲಿ ಮಾಜಿ ಸೈನಿಕರ ತೆರೆದ ಜೀಪಿನ ಮೆರವಣಿಗೆ ನೋಡುತ್ತ ಕಾಕಾ ಇದ್ದಕ್ಕಿದ್ದಂತೆ ಮಂಕಾದರು. 2016ರಲ್ಲಿ ಸಿಯಾಚಿನ್ ಹಿಮದಡಿಯಿಂದ ಜೀವಂತ ಹೊರಬಂದು ದಿಲ್ಲಿಯಲ್ಲಿ ತೀರಿಕೊಂಡ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಮುಖ ಆಗ ಎಷ್ಟೋ ಊರುಗಳ ಫ್ಲೆಕ್ಸ್ ಮೇಲೆ ಬಂದಿತ್ತು. “ರಜಾಕ್ಕ ಬಂದಾಗ ಹೊಡಸಿದ ಫೋಟೊನ ಫ್ಲೆಕ್ಸಿಗೆ ಹೋಗ್ತೈತಿ,” ಎಂದರು. “ಅದಕ್ಕ ನಾ ನಗು ಅನ್ನಂಗಿಲ್ಲ.”

ಆ ಮೊದಲ ಕಾರ್ಯಕ್ರಮದ ಮರುದಿನ ಪತ್ರಿಕೆಯಲ್ಲಿ ವೇದಿಕೆಯ ಚಿತ್ರವೇ ಬಂದಿತ್ತು. ಅಡಿಬರಹದಲ್ಲಿ ಗಣ್ಯರ ಹೆಸರು ಒಂದೂ ಬಿಟ್ಟಿರಲಿಲ್ಲ, ಕೊನೆಗೆ ‘ಮಾಜಿ ಸೈನಿಕರು ಇದ್ದರು’. ಕಾಕಾ ಬೇವಿನ ಗಿಡದ ಕೆಳಗಿನ ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು ಬರೆದು, ಬಂದು ಒಯ್ಯಿರೆಂದು ಎಲ್ಲರಿಗೂ ಫೋನ್ ಮಾಡಿದರು. ಮೊದಲು ಬಂದವರು ಟೋಪಿಯ ಸುಬೇದಾರರು. ಫೋಟೊ ದೂರ ಹಿಡಿದು ನೋಡಿದರು, ಹಿಂದಿನ ಅಕ್ಷರ ಓದಿ ರೆಜಿಮೆಂಟಿನ ನಂಬರು ತಿದ್ದಿಸಿದರು.

“ಇದು ಮನ್ಯಾಗ ಇರ್ಲಿ. ಈಗ ಟೋಪಿ ತೆಗದು ಪಾಸ್‌ಪೋರ್ಟ್ ಸೈಜಿಂದು ಎಂಟು ಕಾಪಿ ಹೊಡೀರಿ. ಕ್ಯಾಂಟೀನ್ ಕಾರ್ಡ್ ಬದ್ಲಿ ಮಾಡಿಸಬೇಕು,” ಎಂದರು. “ಹಿಂದ ಬಿಳೀ ಪರದಿ ಹಾಕ್ರಿ. ಹೋದಸಲ ತಾಜಮಹಲ್ ಬಂದು ರಿಜೆಕ್ಟ್ ಆಗೇತಿ.”